ಫಲಕ ತಯಾರಿಕೆಗೆ ಯಾವ ವಿನ್ಯಾಸ ತಂತ್ರಾಂಶ? ಯಂತ್ರದಿಂದ ಹಿಂದಕ್ಕೆ ಒಂದು ಲೆಕ್ಕ

ಫಲಕ ತಯಾರಿಸುವ ಉದ್ಯಮಕ್ಕೆ ಕೈಹಾಕುವವರು ಮುದ್ರಣ ಯಂತ್ರ ಯಾವುದಿರಬೇಕು, ಬ್ಲೇಡಿನಿಂದ ಹಾಳೆ ಕತ್ತರಿಸುವ ಕಟಿಂಗ್ ಪ್ಲಾಟರ್ ಎಷ್ಟು ಅಗಲದ್ದಾಗಬೇಕು, ಅಂಟಿಸುವ ವಿನೈಲ್ ಹಾಳೆ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನೆಲ್ಲ ಹತ್ತು ಕಡೆ ವಿಚಾರಿಸುತ್ತಾರೆ. ವಿನ್ಯಾಸದ ತಂತ್ರಾಂಶದ ವಿಷಯಕ್ಕೆ ಬಂದಾಗ ಮಾತ್ರ, ಪರಿಚಯದವರು ಯಾವುದನ್ನು ಬಳಸುತ್ತಿದ್ದಾರೋ ಅದನ್ನೇ ತಾವೂ ಹಾಕಿಸಿಕೊಂಡು ಮುಂದುವರಿಯುವುದು ಸಾಮಾನ್ಯ. ಆಯ್ಕೆಗಳೇ ಎರಡು ಮೂರು ಇದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ನಷ್ಟವಾಗುತ್ತಿರಲಿಲ್ಲ. ಈಗ ಪರಿಸ್ಥಿತಿ ಬೇರೆ. ಅಡೋಬಿ ಕಂಪನಿಯು 2013ರಲ್ಲಿ ತನ್ನ ವಿನ್ಯಾಸ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ಸೀಮಿತಗೊಳಿಸಿತು. ಅದಕ್ಕೆ ಪರ್ಯಾಯವಾಗಿ ಬೆಳೆದ ಅಫಿನಿಟಿಯನ್ನು ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡುಕೊಂಡಿತು ಮತ್ತು 2025ರ ಅಕ್ಟೋಬರ್‌ನಿಂದ ಅದನ್ನು ಉಚಿತವಾಗಿ ಕೊಡಲಾರಂಭಿಸಿತು. ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ 2020ರಲ್ಲಿ 1.0 ಆವೃತ್ತಿಯನ್ನು ತಲುಪಿತು. ದುಬಾರಿಯದು, ಉಚಿತವಾದದ್ದು ಎಲ್ಲವೂ ‘ಗ್ರಾಫಿಕ್ ಡಿಸೈನ್ ತಂತ್ರಾಂಶ’ ಎಂಬ ಒಂದೇ ಹೆಸರಿನಲ್ಲಿ ಎದುರಾಗುವುದರಿಂದ, ಅವುಗಳ ನಡುವಿನ ವ್ಯತ್ಯಾಸ ಫಲಕದ ಕೆಲಸದಲ್ಲಿ ಯಾವ ಹಂತದಲ್ಲಿ ತಟ್ಟುತ್ತದೆ ಎಂದು ತಿಳಿಯದೆ ಆಯ್ಕೆ ಮಾಡುವುದು ಕಷ್ಟ.

ಕೊನೆಯಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಏನು ಬೇಕು ಎಂಬಲ್ಲಿಂದ ಹೊರಟು ಕಂಪ್ಯೂಟರಿನ ಪರದೆಯವರೆಗೆ ಹಿಂದಕ್ಕೆ ಬರುವುದು ಈ ಲೇಖನದ ಕ್ರಮ.

ಒಂದೇ ಹೆಸರಿನೊಳಗೆ ಮೂರು ಕೆಲಸ

ಗ್ರಾಹಕರ ಬೇಡಿಕೆ ಫಲಕವಾಗಿ ಹೊರಬರುವ ಮೊದಲು ಕಂಪ್ಯೂಟರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ರೂಪ ಕೊಡುವುದು, ಅಂದರೆ ಅಕ್ಷರ, ಲೋಗೊ, ಬಣ್ಣ ಮತ್ತು ಜಾಗದ ಹಂಚಿಕೆಯನ್ನು ನಿರ್ಧರಿಸುವುದು. ಎರಡನೆಯದು ತಯಾರಿಕೆಗೆ ಸಿದ್ಧಪಡಿಸುವುದು: ಒಂದರ ಮೇಲೊಂದು ಬಂದಿರುವ ಆಕಾರಗಳನ್ನು ಬೆಸೆಯುವುದು, ದೊಡ್ಡ ಫಲಕವನ್ನು ಯಂತ್ರದ ಅಗಲಕ್ಕೆ ತಕ್ಕಂತೆ ತುಂಡುಗಳಾಗಿ ವಿಂಗಡಿಸುವುದು, ಕತ್ತರಿಸಬೇಕಾದ ಗೆರೆಯನ್ನು ಗುರುತಿಸುವುದು. ಮೂರನೆಯದು ಯಂತ್ರವನ್ನು ನಡೆಸುವುದು: ಶಾಯಿ ಎಷ್ಟು, ಬ್ಲೇಡಿನ ಒತ್ತಡ ಎಷ್ಟು, ಯಾವ ತುದಿಯಿಂದ ಆರಂಭ ಎಂಬ ಆಜ್ಞೆಗಳನ್ನು ಕಳುಹಿಸುವುದು.

ಅಡೋಬಿಯ ಇಲಸ್ಟ್ರೇಟರ್, ಕೋರೆಲ್‌ಡ್ರಾ, ಅಫಿನಿಟಿ, ಇಂಕ್‌ಸ್ಕೇಪ್ ಇವು ಮೊದಲ ಕೆಲಸವನ್ನು ಪೂರ್ತಿಯಾಗಿಯೂ ಎರಡನೆಯದನ್ನು ಸ್ವಲ್ಪಮಟ್ಟಿಗೂ ಮಾಡುತ್ತವೆ. ಮೂರನೆಯದಕ್ಕೆ ಬೇರೆ ತಂತ್ರಾಂಶ ಬೇಕಾಗುತ್ತದೆ. ಮುದ್ರಣಕ್ಕೆ ರಿಪ್ (ಕಡತವನ್ನು ಶಾಯಿಯ ಹನಿಗಳ ಲೆಕ್ಕವಾಗಿ ಬದಲಿಸುವ ತಂತ್ರಾಂಶ), ವಿನೈಲ್ ಕತ್ತರಿಸಲು ಪ್ಲಾಟರ್ ತಂತ್ರಾಂಶ, ಮರ ಅಥವಾ ಅಕ್ರಿಲಿಕ್ ಕೊರೆಯಲು ಕೊರೆಯುವ ದಾರಿಯನ್ನು ಲೆಕ್ಕ ಹಾಕುವ ತಂತ್ರಾಂಶ. ಫ್ಲೆಕ್ಸಿ, ಸೈನ್‌ಲ್ಯಾಬ್, ವಿನೈಲ್‌ಮಾಸ್ಟರ್ ಮುಂತಾದ ಫಲಕ ಉದ್ಯಮಕ್ಕೆಂದೇ ಇರುವ ತಂತ್ರಾಂಶಗಳು ಈ ಮೂರನ್ನೂ, ಆವೃತ್ತಿಯನ್ನು ಅನುಸರಿಸಿ ಹೆಚ್ಚು ಕಡಿಮೆ, ಒಂದೇ ಕಡೆ ಒದಗಿಸುತ್ತವೆ. ಆದ್ದರಿಂದ ‘ಯಾವುದು ಒಳ್ಳೆಯದು’ ಎಂದು ಕೇಳುವ ಮುನ್ನ, ಈ ಮೂರರಲ್ಲಿ ಯಾವುದಕ್ಕೆ ಕೊರತೆಯಿದೆ ಎಂದು ನೋಡಿಕೊಳ್ಳಬೇಕು.

ಇದಕ್ಕೆ ಉತ್ತರ ಹಲವು ವೇಳೆ ಯಂತ್ರದ ಜೊತೆಯಲ್ಲೇ ಬಂದಿರುತ್ತದೆ. ರೋಲಂಡ್ ಕಂಪನಿಯ ಮುದ್ರಕಗಳೊಂದಿಗೆ ವರ್ಸಾವರ್ಕ್ಸ್ ಎಂಬ ರಿಪ್ ಬರುತ್ತದೆ. ಗ್ರಾಫ್‌ಟೆಕ್ ಕಂಪನಿಯ ಪ್ಲಾಟರ್‌ಗಳಿಗೆ ಕಟಿಂಗ್ ಮಾಸ್ಟರ್ ಎಂಬ ಪ್ಲಗಿನ್, ಅಂದರೆ ವಿನ್ಯಾಸ ತಂತ್ರಾಂಶದೊಳಗೆ ಕೂಡಿಸುವ ಪೂರಕ, ಇದೆ. ಇಂತಹ ಪ್ಲಗಿನ್‌ಗಳನ್ನು ಯಂತ್ರ ತಯಾರಕರು ಸಾಮಾನ್ಯವಾಗಿ ಇಲಸ್ಟ್ರೇಟರ್ ಮತ್ತು ಕೋರೆಲ್‌ಡ್ರಾ ಎರಡಕ್ಕೆ ಮಾತ್ರ ಬರೆಯುತ್ತಾರೆ. ಅದರಲ್ಲೂ ನಿರ್ದಿಷ್ಟ ಆವೃತ್ತಿಗಳಿಗೆ. ಈ ಪಟ್ಟಿಯನ್ನು ಯಂತ್ರ ಕೊಳ್ಳುವ ಮೊದಲೇ ಓದುವುದು ಒಳಿತು. ಬೇರೆ ತಂತ್ರಾಂಶದಲ್ಲಿ ಬರೆದರೂ ಕೆಲಸ ಸಾಗುತ್ತದೆ, ಆದರೆ ಪ್ರತಿ ಸಲವೂ ಕಡತವನ್ನು ಬೇರೆ ರೂಪದಲ್ಲಿ ಉಳಿಸಿ ಮತ್ತೊಂದು ಕಡೆ ತೆರೆಯುವ ಹೆಜ್ಜೆಯೊಂದು ಕೂಡಿಕೊಳ್ಳುತ್ತದೆ. ದಿನಕ್ಕೆ ಒಂದೆರಡು ಕೆಲಸವಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತು ಕೆಲಸವಿದ್ದರೆ ಬರುತ್ತದೆ.

ಗೆರೆಯ ಚಿತ್ರ ಮತ್ತು ಚುಕ್ಕಿಯ ಚಿತ್ರ

ಕಂಪ್ಯೂಟರಿನ ಚಿತ್ರಗಳಲ್ಲಿ ಎರಡು ಜಾತಿ. ಫೋಟೊಗಳು ಸಣ್ಣ ಬಣ್ಣದ ಚುಕ್ಕಿಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆಗಿರುತ್ತವೆ. ಇವನ್ನು ರಾಸ್ಟರ್ ಚಿತ್ರಗಳೆನ್ನುತ್ತಾರೆ. ಲೋಗೊ ಮತ್ತು ಅಕ್ಷರಗಳನ್ನು ಗೆರೆಗಳ ಗಣಿತದಿಂದ ವಿವರಿಸಬಹುದು. ಇವು ವೆಕ್ಟರ್ ಚಿತ್ರಗಳು. ದರ್ಜಿಯ ಬಳಿ ಇರುವ ಅಳತೆಯ ಚೀಟಿಗೂ ಅಂಗಿಯ ಫೋಟೊಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಅಳತೆಯನ್ನು ಎರಡರಿಂದ ಗುಣಿಸಿದರೆ ಎರಡು ಪಟ್ಟಿನ ಅಂಗಿಯನ್ನು ಅಷ್ಟೇ ಅಚ್ಚುಕಟ್ಟಾಗಿ ಹೊಲಿಯಬಹುದು. ಫೋಟೊವನ್ನು ಎರಡು ಪಟ್ಟು ಹಿಗ್ಗಿಸಿದರೆ ಮಸುಕಾದ ಫೋಟೊ ಮಾತ್ರ ಸಿಗುತ್ತದೆ.

ವೆಕ್ಟರ್ ಗೆರೆಗಳ ಹಿಂದಿನ ಗಣಿತ ಬಂದದ್ದು ಕಾರು ಉದ್ಯಮದಿಂದ. ಕಾರಿನ ಮೈಯ ಬಾಗುಗಳನ್ನು ಕೆಲವೇ ಬಿಂದುಗಳಿಂದ ನಿಖರವಾಗಿ ವಿವರಿಸುವ ವಿಧಾನವನ್ನು ಫ್ರಾನ್ಸ್‌ನ ರೆನೋ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ ಅದೇ ಗಣಿತವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಇಂದಿನ ಎಲ್ಲ ವೆಕ್ಟರ್ ತಂತ್ರಾಂಶಗಳಲ್ಲಿ ಎಳೆದು ಬಾಗಿಸುವ ಗೆರೆಗೆ ‘ಬೆಜಿಯೆ ಕರ್ವ್’ ಎಂಬ ಹೆಸರು ಉಳಿದಿದೆ. ಒಂದು ಪೂರ್ಣ ವೃತ್ತಕ್ಕೆ ನಾಲ್ಕು ಬಿಂದುಗಳು ಸಾಕು. ಹಾಗೆ ಬರೆದ ವೃತ್ತ ನಿಜವಾದ ವೃತ್ತಕ್ಕಿಂತ ಅತಿ ಹೆಚ್ಚೆಂದರೆ ತ್ರಿಜ್ಯದ ಶೇ. 0.03ರಷ್ಟು ಮಾತ್ರ ವ್ಯತ್ಯಾಸ ತೋರುತ್ತದೆ. ಒಂದು ಮೀಟರ್ ವ್ಯಾಸದ ಫಲಕದಲ್ಲಿ ಇದು 0.15 ಮಿಲಿಮೀಟರಿಗಿಂತ ಕಡಿಮೆ.

ಫಲಕದ ಕೆಲಸಕ್ಕೆ ವೆಕ್ಟರ್ ತಂತ್ರಾಂಶವೇ ಮುಖ್ಯ ಸಾಧನವಾಗಿರುವುದಕ್ಕೆ ಕಾರಣ ಇದು. ಫೋಟೊಶಾಪ್ ಅಥವಾ ಗಿಂಪ್‌ನಂತಹ ರಾಸ್ಟರ್ ತಂತ್ರಾಂಶಗಳು ಫಲಕದೊಳಗಿನ ಫೋಟೊವನ್ನು ತಿದ್ದಲು ಬೇಕಾಗುತ್ತವೆಯೇ ಹೊರತು, ಇಡೀ ಫಲಕವನ್ನು ಅದರಲ್ಲೇ ಕಟ್ಟುವುದು ಸರಿಯಾದ ದಾರಿಯಲ್ಲ.

ಫೋಟೊ ಇರುವ ಫಲಕಗಳಲ್ಲಿ ಎಷ್ಟು ಪಿಕ್ಸೆಲ್ ಬೇಕೆಂಬುದು ಬಹಳ ಗೊಂದಲದ ವಿಷಯ. ಪುಸ್ತಕ ಮುದ್ರಣದ 300 ಡಿಪಿಐ ಎಂಬ ಸಂಖ್ಯೆಯನ್ನು ಫಲಕಕ್ಕೂ ಹೊರಿಸುವ ರೂಢಿ ಹಲವರಲ್ಲಿದೆ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿಗಳು ಎಂಬ ಲೆಕ್ಕ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರದ ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಒಂದು ಮೀಟರ್ ದೂರದಲ್ಲಿ ಇದು ಸುಮಾರು 0.29 ಮಿಲಿಮೀಟರ್ ಆಗುತ್ತದೆ, ಅಂದರೆ 87 ಡಿಪಿಐ. ಐದು ಮೀಟರ್ ದೂರದಿಂದ ನೋಡುವ ಫಲಕಕ್ಕೆ 17 ಡಿಪಿಐಗಿಂತ ಹೆಚ್ಚಿನದನ್ನು ಕಣ್ಣು ಗ್ರಹಿಸುವುದೇ ಇಲ್ಲ. ಹತ್ತಿರ ಬಂದು ನೋಡುವವರೂ ಇರುತ್ತಾರೆಂದು ಸಾಕಷ್ಟು ಉಳಿಕೆ ಇಟ್ಟುಕೊಂಡರೂ, ದೊಡ್ಡ ಬ್ಯಾನರ್‌ಗೆ ಪೂರ್ಣ ಅಳತೆಯಲ್ಲಿ 100 ಡಿಪಿಐ ಧಾರಾಳವಾಯಿತು. 3 ಮೀಟರ್ ಉದ್ದ, 1.5 ಮೀಟರ್ ಎತ್ತರದ ಬ್ಯಾನರನ್ನು 300 ಡಿಪಿಐನಲ್ಲಿ ನಾಲ್ಕು ಬಣ್ಣಗಳಲ್ಲಿ ಇಟ್ಟರೆ ಸಂಕುಚನವಿಲ್ಲದ ಕಡತ ಸುಮಾರು 2.5 ಗಿಗಾಬೈಟ್ ಆಗುತ್ತದೆ. 100 ಡಿಪಿಐನಲ್ಲಿ 280 ಮೆಗಾಬೈಟ್. ತಂತ್ರಾಂಶ ನಿಧಾನವಾಗಿದೆ ಎಂಬ ದೂರಿನ ಹಿಂದೆ ತಂತ್ರಾಂಶಕ್ಕಿಂತ ಇಂತಹ ಕಡತಗಳೇ ಇರುವುದು ಹೆಚ್ಚು. ಮುದ್ರಕದ ಮೇಲೆ ಬರೆದಿರುವ 720 ಅಥವಾ 1440 ಡಿಪಿಐ ಎಂಬುದು ಶಾಯಿಯ ಹನಿಗಳ ಲೆಕ್ಕ. ಚಿತ್ರದ ಪಿಕ್ಸೆಲ್‌ಗಳನ್ನು ಆ ಸಂಖ್ಯೆಗೆ ಹೊಂದಿಸುವ ಅಗತ್ಯವಿಲ್ಲ.

ಬ್ಲೇಡಿಗೆ ಬಣ್ಣ ಗೊತ್ತಿಲ್ಲ

ವಿನೈಲ್ ಕತ್ತರಿಸುವ ಪ್ಲಾಟರ್‌ಗಳು ಹಿಂದಿನ ಕಾಲದ ಪೆನ್ ಪ್ಲಾಟರ್‌ಗಳ ವಂಶದವು. ಎಂಜಿನಿಯರಿಂಗ್ ನಕ್ಷೆಗಳನ್ನು ಪೆನ್ನಿನಿಂದ ಬರೆಯುತ್ತಿದ್ದ ಆ ಯಂತ್ರಗಳಿಗಾಗಿ ಹ್ಯೂಲೆಟ್ ಪ್ಯಾಕಾರ್ಡ್ ಕಂಪನಿ 1970ರ ದಶಕದಲ್ಲಿ ಎಚ್‌ಪಿಜಿಎಲ್ ಎಂಬ ಆಜ್ಞಾಭಾಷೆಯನ್ನು ರೂಪಿಸಿತು. ಪೆನ್ನಿನ ಜಾಗಕ್ಕೆ ಬ್ಲೇಡ್ ಬಂತು, ಭಾಷೆ ಉಳಿಯಿತು. ಇಂದಿಗೂ ಬಹುತೇಕ ಪ್ಲಾಟರ್‌ಗಳು ಎಚ್‌ಪಿಜಿಎಲ್ ಅನ್ನು ಅರ್ಥಮಾಡಿಕೊಳ್ಳುತ್ತವೆ. ಅದರ ಮುಖ್ಯ ಆಜ್ಞೆಗಳು ಸರಳ: ಮೇಲೆತ್ತು, ಇಳಿಸು, ಇಂತಹ ಬಿಂದುವಿಗೆ ಹೋಗು. ಒಂದು ಹೆಜ್ಜೆಯ ಅಳತೆ 0.025 ಮಿಲಿಮೀಟರ್.

ಈ ಹಿನ್ನೆಲೆ ತಿಳಿದರೆ ಹೊಸಬರನ್ನು ಕಾಡುವ ಹಲವು ತೊಂದರೆಗಳ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ. ಪರದೆಯಲ್ಲಿ 5 ಮಿಲಿಮೀಟರ್ ದಪ್ಪದ ಗೆರೆಯೊಂದನ್ನು ಎಳೆದರೆ, ಪ್ಲಾಟರಿಗೆ ಆ ದಪ್ಪ ಕಾಣುವುದಿಲ್ಲ; ಗೆರೆಯ ನಡುವಿನ ದಾರಿಯನ್ನು ಮಾತ್ರ ಅದು ಒಂದು ಸಲ ಸೀಳಿ ಹೋಗುತ್ತದೆ. ದಪ್ಪ ಗೆರೆ ಬೇಕಾದರೆ ಅದನ್ನು ಮೊದಲು ಹೊರರೇಖೆಯಾಗಿ ಪರಿವರ್ತಿಸಬೇಕು. ಹಾಗೆಯೇ ಎರಡು ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದರೆ, ಒಂದೇ ಬಣ್ಣದ್ದಾದ ಕಾರಣ ಪರದೆಯಲ್ಲಿ ಅವು ಬೆಸೆದುಕೊಂಡಂತೆ ತೋರುತ್ತವೆ. ಬ್ಲೇಡ್ ಮಾತ್ರ ಎರಡರ ಅಂಚನ್ನೂ ಪೂರ್ತಿಯಾಗಿ ಕತ್ತರಿಸಿ, ಅಕ್ಷರದ ನಡುವೆ ಸೀಳು ಬಿಡುತ್ತದೆ. ಇದಕ್ಕೆ ಪರಿಹಾರ ವೆಲ್ಡ್ ಎಂಬ ಕ್ರಿಯೆ. ಕೆಲವು ತಂತ್ರಾಂಶಗಳಲ್ಲಿ ಯೂನಿಯನ್ ಅಥವಾ ಯುನೈಟ್ ಎಂಬ ಹೆಸರಿದೆ. ನೆರಳು, ಪಾರದರ್ಶಕತೆ, ಬಣ್ಣದ ಏರಿಳಿತ ಇವು ಯಾವುವೂ ಬ್ಲೇಡಿನ ಲೋಕದಲ್ಲಿ ಇಲ್ಲ. ಕೆಲಸವನ್ನು ಕಳುಹಿಸುವ ಮೊದಲು ಬಣ್ಣಗಳನ್ನೆಲ್ಲ ತೆಗೆದು ಬರಿಯ ಹೊರರೇಖೆಗಳನ್ನು ತೋರಿಸುವ ನೋಟ ಎಲ್ಲ ಒಳ್ಳೆಯ ವೆಕ್ಟರ್ ತಂತ್ರಾಂಶಗಳಲ್ಲಿಯೂ ಇರುತ್ತದೆ. ಪ್ಲಾಟರ್ ನೋಡುವುದು ಅದನ್ನೇ.

ಮತ್ತೊಂದು ತೊಂದರೆ ಬಿಂದುಗಳ ಸಂಖ್ಯೆ. ಗ್ರಾಹಕರು ಕಳುಹಿಸಿದ ಮಸುಕು ಲೋಗೊವನ್ನು ತಂತ್ರಾಂಶದ ‘ಟ್ರೇಸ್’ ಸೌಲಭ್ಯಕ್ಕೆ ಒಪ್ಪಿಸಿದರೆ, ನೂರು ಬಿಂದು ಸಾಕಾಗುವ ಕಡೆ ಸಾವಿರಾರು ಬಿಂದುಗಳು ಹುಟ್ಟಿಕೊಳ್ಳುತ್ತವೆ. ನೇರವಾಗಿರಬೇಕಾದ ಅಂಚು ಅಲೆಯಾಗುತ್ತದೆ, ಪ್ಲಾಟರ್ ತಡೆ ತಡೆದು ಓಡುತ್ತದೆ, ಬೇಡದ ವಿನೈಲನ್ನು ಬಿಡಿಸಿ ತೆಗೆಯುವಾಗ ಮೂಲೆಗಳು ಹರಿಯುತ್ತವೆ. ತಂತ್ರಾಂಶವನ್ನು ಅಳೆಯುವಾಗ ಟ್ರೇಸ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಟ್ರೇಸ್ ಮಾಡಿದ ಮೇಲೆ ಬಿಂದುಗಳನ್ನು ಕೈಯಿಂದ ಕಡಿಮೆ ಮಾಡುವುದು, ಬಾಗನ್ನು ನೇರಗೊಳಿಸುವುದು ಎಷ್ಟು ಸಲೀಸಾಗಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ನುರಿತ ಕೈಗಳು ಲೋಗೊವನ್ನು ಹೊಸದಾಗಿ ಬರೆದುಬಿಡುತ್ತವೆ; ಬಹಳ ಸಲ ಅದೇ ಬೇಗ ಮುಗಿಯುತ್ತದೆ.

ಫಲಕಕ್ಕೆಂದೇ ಇರುವ ತಂತ್ರಾಂಶಗಳು ತಮ್ಮ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಈ ಹಂತದಲ್ಲಿ. ಬಣ್ಣಬಣ್ಣದ ವಿನೈಲ್‌ಗಳನ್ನು ಬೇರೆ ಬೇರೆ ಸುರುಳಿಗಳಿಂದ ಕತ್ತರಿಸಬೇಕಾದಾಗ ಅವು ವಿನ್ಯಾಸವನ್ನು ಬಣ್ಣದ ಪ್ರಕಾರ ತಾವೇ ಬಿಡಿಸಿಕೊಡುತ್ತವೆ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಅಂಟಿಸುವಾಗ ಸಂದಿ ಕಾಣದಂತೆ ಅಂಚುಗಳು ಸ್ವಲ್ಪ ಒಂದರ ಮೇಲೊಂದು ಬರುವಂತೆ ಮಾಡುತ್ತವೆ. ಖಾಲಿ ಜಾಗ ಉಳಿಯದಂತೆ ಅಕ್ಷರಗಳನ್ನು ಸುರುಳಿಯ ಮೇಲೆ ಜೋಡಿಸಿ ವಿನೈಲ್ ಉಳಿಸುತ್ತವೆ, ಯಂತ್ರದ ಅಗಲ ಮೀರಿದ ವಿನ್ಯಾಸವನ್ನು ಪಟ್ಟಿಗಳಾಗಿ ವಿಂಗಡಿಸುತ್ತವೆ, ಬಿಡಿಸಲು ಅನುಕೂಲವಾಗುವಂತೆ ಸುತ್ತ ಚೌಕಟ್ಟಿನ ಗೆರೆ ಹಾಕುತ್ತವೆ. ಇವೆಲ್ಲವನ್ನೂ ಸಾಮಾನ್ಯ ವೆಕ್ಟರ್ ತಂತ್ರಾಂಶದಲ್ಲಿ ಕೈಯಿಂದ ಮಾಡಬಹುದು. ಮಾಡುವವರ ಸಮಯಕ್ಕೆ ಎಷ್ಟು ಬೆಲೆ ಎಂಬುದಷ್ಟೇ ಪ್ರಶ್ನೆ.

ಮುದ್ರಣ, ರಿಪ್ ಮತ್ತು ಬಣ್ಣದ ಹೆಸರು

ರಿಪ್ ಎಂಬುದು ವಿನ್ಯಾಸದ ಕಡತವನ್ನು ಓದಿ, ಯಾವ ಜಾಗದಲ್ಲಿ ಯಾವ ಶಾಯಿಯ ಎಷ್ಟು ಹನಿ ಬೀಳಬೇಕೆಂದು ಲೆಕ್ಕ ಹಾಕುವ ತಂತ್ರಾಂಶ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸಿ ಬಣ್ಣ ತೋರಿಸುತ್ತದೆ, ಇದು ಆರ್‌ಜಿಬಿ. ಮುದ್ರಕವು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳನ್ನು ಬಳಸುತ್ತದೆ; ಇದು ಸಿಎಂವೈಕೆ. ಪರದೆಯ ಉಜ್ವಲ ನೀಲಿ ಮತ್ತು ಹಸಿರುಗಳಲ್ಲಿ ಹಲವು ಈ ನಾಲ್ಕು ಶಾಯಿಗಳಿಂದ ಬರುವುದೇ ಇಲ್ಲ. ಒಂದೊಂದು ಮುದ್ರಣ ವಸ್ತುವಿನ ಮೇಲೂ ಶಾಯಿ ಬೇರೆ ರೀತಿ ವರ್ತಿಸುವುದರಿಂದ, ಪ್ರತಿ ವಸ್ತುವಿಗೂ ಒಂದು ಬಣ್ಣದ ಪ್ರೊಫೈಲ್ ಇರುತ್ತದೆ ಮತ್ತು ಅದನ್ನು ಅನ್ವಯಿಸುವುದು ರಿಪ್. ಹಾಗಾಗಿ ಬಣ್ಣ ತಪ್ಪಿ ಬಂದಾಗ ವಿನ್ಯಾಸದ ತಂತ್ರಾಂಶವನ್ನು ಬದಲಿಸಿದರೆ ಪ್ರಯೋಜನ ಕಡಿಮೆ. ರಿಪ್‌ನಲ್ಲಿ ವಸ್ತುವಿಗೆ ಸರಿಯಾದ ಪ್ರೊಫೈಲ್ ಆಯ್ಕೆಯಾಗಿದೆಯೇ ಎಂದು ಮೊದಲು ನೋಡಬೇಕು.

ವಿನ್ಯಾಸ ತಂತ್ರಾಂಶದಿಂದ ಇಲ್ಲಿ ನಿರೀಕ್ಷಿಸಬೇಕಾದದ್ದು ಎರಡು: ಸಿಎಂವೈಕೆ ಬಣ್ಣಗಳನ್ನು ಕೆಡಿಸದೆ ಪಿಡಿಎಫ್‌ಗೆ ದಾಟಿಸುವುದು ಮತ್ತು ಸ್ಪಾಟ್ ಬಣ್ಣಗಳಿಗೆ ಹೆಸರಿಡಲು ಅವಕಾಶ ಕೊಡುವುದು. ಸ್ಪಾಟ್ ಬಣ್ಣವೆಂದರೆ ಬೆರಕೆಯಾಗದೆ ತನ್ನದೇ ಹೆಸರಿನಿಂದ ಗುರುತಿಸಲ್ಪಡುವ ಬಣ್ಣ. ಮುದ್ರಿಸಿ ಅಂಚಿನ ಸುತ್ತ ಕತ್ತರಿಸಬೇಕಾದ ಸ್ಟಿಕ್ಕರ್‌ಗಳಲ್ಲಿ ಇದು ಅನಿವಾರ್ಯ. ಉದಾಹರಣೆಗೆ ವರ್ಸಾವರ್ಕ್ಸ್‌ಗೆ ಕಳುಹಿಸುವ ಕಡತದಲ್ಲಿ ಕತ್ತರಿಸುವ ಗೆರೆಗೆ ‘ಕಟ್‌ಕಾಂಟೂರ್’ (CutContour) ಎಂಬ ಹೆಸರಿನ ಸ್ಪಾಟ್ ಬಣ್ಣ ಕೊಟ್ಟಿರಬೇಕು. ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೂ ರಿಪ್ ಆ ಗೆರೆಯನ್ನು ಕತ್ತರಿಸುವ ಬದಲು ಮುದ್ರಿಸಿಬಿಡುತ್ತದೆ. ಬಿಳಿ ಶಾಯಿಯ ಪದರವನ್ನು ಸೂಚಿಸುವುದೂ ಇದೇ ರೀತಿ, ಬೇರೊಂದು ಹೆಸರಿನಿಂದ. ಇಲಸ್ಟ್ರೇಟರ್, ಕೋರೆಲ್‌ಡ್ರಾ, ಅಫಿನಿಟಿ ಮೂರರಲ್ಲೂ ಈ ಸೌಲಭ್ಯವಿದೆ. ಇಂಕ್‌ಸ್ಕೇಪ್‌ನ ಸಹಜ ಕಡತವಾದ ಎಸ್‌ವಿಜಿ ವೆಬ್‌ಗಾಗಿ ಹುಟ್ಟಿದ್ದು, ಮೂಲತಃ ಆರ್‌ಜಿಬಿ ಲೋಕದ್ದು. ಮುದ್ರಣದ ಬಣ್ಣಗಳ ವಿಷಯದಲ್ಲಿ ಅದು ಇತರ ಮೂರಕ್ಕಿಂತ ಹಿಂದುಳಿದಿದೆ. ಬರಿಯ ವಿನೈಲ್ ಕತ್ತರಿಸುವವರಿಗೆ ಈ ಕೊರತೆ ತಟ್ಟುವುದೇ ಇಲ್ಲ.

ಲೇಸರ್ ಮತ್ತು ರೌಟರ್

ಅಕ್ರಿಲಿಕ್ ಅಕ್ಷರಗಳು, ಕೊರೆದ ಮರದ ಫಲಕಗಳು ಇವುಗಳ ಕೆಲಸದಲ್ಲಿ ಯಂತ್ರದ ಉಪಕರಣಕ್ಕೆ ಗಾತ್ರವಿದೆ ಎಂಬುದು ಮುಖ್ಯ. ರೌಟರ್ ಎಂಬ ಕೊರೆಯುವ ಯಂತ್ರದಲ್ಲಿ ತಿರುಗುವ 6 ಮಿಲಿಮೀಟರ್ ವ್ಯಾಸದ ಬಿಟ್ ಒಳಮೂಲೆಯನ್ನು 3 ಮಿಲಿಮೀಟರ್ ತ್ರಿಜ್ಯಕ್ಕಿಂತ ಚೂಪಾಗಿ ಕೊರೆಯಲಾರದು. ಲೇಸರ್ ಕಿರಣವೂ ತನ್ನ ಅಗಲದಷ್ಟು ವಸ್ತುವನ್ನು ಸುಟ್ಟು ತೆಗೆಯುವುದರಿಂದ, ಒಂದರೊಳಗೊಂದು ಕೂಡಬೇಕಾದ ತುಂಡುಗಳಿಗೆ ಆ ನಷ್ಟವನ್ನು ಮೊದಲೇ ಸೇರಿಸಬೇಕು. ಈ ಲೆಕ್ಕಗಳನ್ನು ರೌಟರ್‌ಗೆ ವೆಕ್ಟ್ರಿಕ್ ಕಂಪನಿಯ ವಿಕಾರ್ವ್, ಆಸ್ಪೈರ್‌ನಂತಹವು, ಲೇಸರ್‌ಗೆ ಲೈಟ್‌ಬರ್ನ್‌ನಂತಹವು ಮಾಡುತ್ತವೆ. ಚಿತ್ರ ಬರೆಯುವ ತಂತ್ರಾಂಶ ಇವುಗಳಿಗೆ ಶುದ್ಧವಾದ, ಬಾಯಿ ಮುಚ್ಚಿದ ಆಕಾರಗಳನ್ನು ಒದಗಿಸಿದರೆ ಸಾಕು.

ಒದಗಿಸುವಾಗ ಡಿಎಕ್ಸ್‌ಎಫ್ ಎಂಬ ಕಡತದ ಬಗ್ಗೆ ಎಚ್ಚರವಿರಲಿ. ಆಟೋಡೆಸ್ಕ್ 1982ರಲ್ಲಿ ತಂದ ಈ ರೂಪ ಎಲ್ಲ ಯಂತ್ರಗಳಿಗೂ ಪರಿಚಿತ. ಆದರೆ ಹಲವು ವಿನ್ಯಾಸ ತಂತ್ರಾಂಶಗಳು ಅದಕ್ಕೆ ಬರೆಯುವಾಗ ಬಾಗುಗಳನ್ನು ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆಯುತ್ತವೆ. ಒಂದು ಮೀಟರ್ ವ್ಯಾಸದ ವೃತ್ತವನ್ನು 60 ನೇರ ತುಂಡುಗಳಾಗಿ ಒಡೆದರೆ ಪ್ರತಿ ತುಂಡಿನ ನಡುವೆ ಅಂಚು ನಿಜವಾದ ಬಾಗಿಗಿಂತ ಸುಮಾರು 0.7 ಮಿಲಿಮೀಟರ್ ಒಳಕ್ಕೆ ಬರುತ್ತದೆ. ಹೊಳಪಿನ ಅಕ್ರಿಲಿಕ್ ಅಂಚಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಯಂತ್ರದ ತಂತ್ರಾಂಶ ಪಿಡಿಎಫ್ ಅಥವಾ ಎಸ್‌ವಿಜಿಯನ್ನು ನೇರವಾಗಿ ಓದುವುದಾದರೆ ಅದನ್ನೇ ಕೊಡುವುದು ಮೇಲು.

ಪೂರ್ಣ ಅಳತೆಯ ಹಾಳೆ

ಕಾಗದದ ಕೆಲಸಕ್ಕೆ ಹುಟ್ಟಿದ ತಂತ್ರಾಂಶಗಳಿಗೆ ಹಾಳೆಯ ಗಾತ್ರದಲ್ಲಿ ಮಿತಿಯಿದೆ. ಇಲಸ್ಟ್ರೇಟರ್‌ನ ಹಾಳೆ ಬಹುಕಾಲ ಸುಮಾರು 5.78 ಮೀಟರ್‌ಗಿಂತ ಉದ್ದವಾಗಲು ಸಾಧ್ಯವಿರಲಿಲ್ಲ. 2020ರ ಆವೃತ್ತಿಯಲ್ಲಿ ಈ ಮಿತಿ ಹತ್ತು ಪಟ್ಟಾಯಿತು. ಕೋರೆಲ್‌ಡ್ರಾದಲ್ಲಿ ಮಿತಿ 45.72 ಮೀಟರ್. ಹಳೆಯ ರೂಪದ ಪಿಡಿಎಫ್ 5.08 ಮೀಟರ್‌ಗೆ ನಿಲ್ಲುತ್ತದೆ. ಇದನ್ನು ಮೀರಿದ ಕೆಲಸಗಳನ್ನು ಹತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ಬರೆದು ರಿಪ್‌ನಲ್ಲಿ ಹಿಗ್ಗಿಸುವುದು ರೂಢಿ. ಹಾಗೆ ಮಾಡುವಾಗ ಫೋಟೊದ ಡಿಪಿಐ ಕೂಡ ಹತ್ತು ಪಟ್ಟು ಇರಬೇಕೆಂಬುದು ಮರೆತುಹೋಗಬಾರದು. ಕಟ್ಟಡದ ಮುಂಭಾಗ, ವಾಹನದ ಮೈ ಇಂತಹ ದೊಡ್ಡ ಕೆಲಸ ನಿತ್ಯವಿರುವವರಿಗೆ ಪೂರ್ಣ ಅಳತೆಯ ಹಾಳೆ ದೊಡ್ಡ ನೆಮ್ಮದಿ.

ಒತ್ತಕ್ಷರಗಳ ಪರೀಕ್ಷೆ

ಕನ್ನಡದಂತಹ ಲಿಪಿಗಳಲ್ಲಿ ಫಲಕ ಬರೆಯುವವರಿಗೆ ಇನ್ನೊಂದು ಪ್ರಶ್ನೆ ಇದೆ. ಹೊರಗಿನ ಸಲಹೆಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. ಅಕ್ಷರ, ಗುಣಿತ, ಒತ್ತು ಇವನ್ನು ಸರಿಯಾದ ಜಾಗದಲ್ಲಿ ಕೂಡಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಮಾಡದಿದ್ದರೆ ಒತ್ತುಗಳು ಅಕ್ಷರದ ಕೆಳಗೆ ಇಳಿಯದೆ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಇಂಕ್‌ಸ್ಕೇಪ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಪ್ರಿಫರೆನ್ಸಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕಾಗುತ್ತದೆ. ಯಾವುದೇ ತಂತ್ರಾಂಶವಾಗಲಿ, ಹಣ ಕೊಡುವ ಮೊದಲು ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಕಾರ್ಯಾಲಯ’, ‘ವಸ್ತ್ರ’ ಎಂಬ ನಾಲ್ಕು ಪದಗಳನ್ನು ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ ನೋಡಿದರೆ ಉತ್ತರ ಸಿಗುತ್ತದೆ.

ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಆದರೂ ಫಲಕದ ಕೆಲಸದಲ್ಲಿ ಹಳೆಯ ಪದ್ಧತಿಯ ಫಾಂಟುಗಳು ಇನ್ನೂ ಉಳಿದಿರುವುದಕ್ಕೆ ಕಾರಣ, ಅಲಂಕಾರಿಕ ವಿನ್ಯಾಸಗಳು ಅವುಗಳಲ್ಲಿ ಹೇರಳವಾಗಿರುವುದು. ಅವು ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಅಡಗಿಸಿಟ್ಟಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಎರಡೂ ಬಗೆಯ ಫಾಂಟುಗಳಿಗೆ ಅನ್ವಯಿಸುವ ಎಚ್ಚರಿಕೆಯೊಂದಿದೆ. ಕರ್ವ್ ಮಾಡಿದ ಮೇಲೆ, ಅಂದರೆ ಅಕ್ಷರಗಳನ್ನು ಬರಿಯ ಗೆರೆಗಳಾಗಿ ಬದಲಿಸಿದ ಮೇಲೆ, ಮೂಲಾಕ್ಷರದ ಮೇಲೆ ಗುಣಿತದ ಚಿಹ್ನೆ ಅಥವಾ ಒತ್ತು ಹತ್ತಿ ಕುಳಿತಿರುವ ಜಾಗಗಳು ಬೇರೆ ಬೇರೆ ಆಕಾರಗಳಾಗಿಯೇ ಉಳಿಯುತ್ತವೆ. ಕನ್ನಡ ಫಲಕವನ್ನು ವೆಲ್ಡ್ ಮಾಡದೆ ಪ್ಲಾಟರಿಗೆ ಕಳುಹಿಸುವಂತಿಲ್ಲ.

ಯಾವುದು ಯಾರಿಗೆ

ಇಲಸ್ಟ್ರೇಟರ್ 1987ರಲ್ಲಿ ಮ್ಯಾಕ್‌ಗಾಗಿ ಬಂದದ್ದು. ಜಾಹೀರಾತು ಸಂಸ್ಥೆಗಳು, ಬ್ರ್ಯಾಂಡ್ ಕಂಪನಿಗಳು ತಮ್ಮ ಲೋಗೊಗಳನ್ನು ಇದರ ಕಡತಗಳಲ್ಲೇ ಕಳುಹಿಸುತ್ತವೆ. ಅಂತಹ ಗ್ರಾಹಕರು ಹೆಚ್ಚಿರುವವರಿಗೆ ಬೇರೆ ದಾರಿ ಕಡಿಮೆ. ಅದರ ಕಡತವನ್ನು ಸಾಮಾನ್ಯವಾಗಿ ಪಿಡಿಎಫ್ ಹೊಂದಾಣಿಕೆಯೊಂದಿಗೆ ಉಳಿಸುವುದರಿಂದ, ಇತರ ತಂತ್ರಾಂಶಗಳೂ ಸ್ವಲ್ಪಮಟ್ಟಿಗೆ ತೆರೆಯಬಲ್ಲವು.

ಕೋರೆಲ್‌ಡ್ರಾ 1989ರಲ್ಲಿ ವಿಂಡೋಸ್‌ಗಾಗಿ ಬಂದು ಫಲಕ ತಯಾರಕರ ನಡುವೆ ಬೇರೂರಿತು. ಅಳತೆ ಹಾಕಿ ಕೆಲಸ ಮಾಡುವುದು, ಆಕಾರದ ಸುತ್ತ ಸಮಾನ ದೂರದ ಗೆರೆ ತೆಗೆಯುವುದು, ಒಂದೇ ಕಡತದಲ್ಲಿ ಬೇರೆ ಬೇರೆ ಗಾತ್ರದ ಪುಟಗಳನ್ನಿಡುವುದು ಇದರಲ್ಲಿ ಸಲೀಸು. ಚಂದಾ ಅಲ್ಲದೆ ಒಂದೇ ಸಲ ಹಣ ಕೊಟ್ಟು ಕೊಳ್ಳುವ ಅವಕಾಶವೂ ಇದೆ. ದೋಷವೆಂದರೆ ಅದರ ಸಿಡಿಆರ್ ಕಡತವನ್ನು ಬೇರೆಯವು ಪೂರ್ತಿಯಾಗಿ ಓದುವುದು ಅಪರೂಪ.

ಅಫಿನಿಟಿ ಉಚಿತವಾದ ಮೇಲೆ ಹೊಸಬರಿಗೆ ಆಕರ್ಷಕ ಆಯ್ಕೆಯಾಗಿದೆ. ಪ್ಲಾಟರ್ ಪ್ಲಗಿನ್ ಮತ್ತು ಒತ್ತಕ್ಷರ ಎರಡನ್ನೂ ಮೊದಲು ಪರೀಕ್ಷಿಸಿಕೊಳ್ಳಬೇಕು. ಇಂಕ್‌ಸ್ಕೇಪ್ 2003ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಎಚ್‌ಪಿಜಿಎಲ್ ಆಜ್ಞೆಗಳನ್ನು ಪ್ಲಾಟರಿಗೆ ಕಳುಹಿಸುವ ವಿಸ್ತರಣೆಯೂ ಅದರೊಳಗಿದೆ. ಒಂದು ಪ್ಲಾಟರ್ ಇಟ್ಟುಕೊಂಡು ಆರಂಭಿಸುವವರಿಗೆ ಇಂಕ್‌ಸ್ಕೇಪ್‌ನಿಂದ ಹೊರಟು, ಕೆಲಸ ಬೆಳೆದ ಮೇಲೆ ಬೇರೆಯದನ್ನು ಕೊಳ್ಳುವುದು ನಷ್ಟವಿಲ್ಲದ ದಾರಿ ಎಂದು ಈ ಲೇಖಕನ ಅಭಿಪ್ರಾಯ. ಬ್ರೌಸರಿನಲ್ಲಿ ಸಿದ್ಧ ಮಾದರಿಗಳನ್ನು ತುಂಬಿಸುವ ಸೇವೆಗಳು ಗ್ರಾಹಕರಿಗೆ ಕರಡು ತೋರಿಸಲು ಸಾಕು, ಕತ್ತರಿಸುವ ಕೆಲಸಕ್ಕೆ ಸಾಲವು.

ಕಡತಗಳು ಯಾರ ಕೈಯಲ್ಲಿ

ಒಂದು ಅಂಗಡಿಯ ಹತ್ತು ವರ್ಷಗಳ ವಿನ್ಯಾಸಗಳು ಅದರ ಆಸ್ತಿ. ಹಳೆಯ ಗ್ರಾಹಕರು ಅದೇ ಫಲಕವನ್ನು ಮತ್ತೆ ಕೇಳಿಕೊಂಡು ಬರುತ್ತಾರೆ. ಚಂದಾ ನಿಂತರೆ ತಂತ್ರಾಂಶ ತೆರೆಯುವುದಿಲ್ಲ. ಡಾಂಗಲ್ ಎಂಬ ಯುಎಸ್‌ಬಿ ಬೀಗದ ಮೇಲೆ ನಡೆಯುವ ತಂತ್ರಾಂಶಗಳಲ್ಲಿ ಆ ಸಣ್ಣ ವಸ್ತು ಕಳೆದರೆ ಕೆಲಸ ನಿಲ್ಲುತ್ತದೆ. ಕಂಪನಿಗಳ ತೀರ್ಮಾನಗಳೂ ಬದಲಾಗುತ್ತವೆ. ರೌಟರ್ ಕೆಲಸದಲ್ಲಿ ಹೆಸರಾಗಿದ್ದ ಆರ್ಟ್‌ಕ್ಯಾಮ್ ಅನ್ನು ಆಟೋಡೆಸ್ಕ್ 2018ರಲ್ಲಿ ನಿಲ್ಲಿಸಿತು. 2022ರ ನವೆಂಬರ್‌ನಲ್ಲಿ ಪ್ಯಾಂಟೋನ್ ಕಂಪನಿಯ ಬಣ್ಣದ ಪಟ್ಟಿಗಳಲ್ಲಿ ಹೆಚ್ಚಿನವು ಅಡೋಬಿ ತಂತ್ರಾಂಶಗಳಿಂದ ಹೊರಬಿದ್ದವು. 2023ರ ಜನವರಿಯಲ್ಲಿ ಅಡೋಬಿ ಹಳೆಯ ಟೈಪ್ 1 ಫಾಂಟುಗಳಿಗೆ ಬೆಂಬಲ ನಿಲ್ಲಿಸಿತು. ಹೀಗಾಗಿ ಮುಗಿದ ಪ್ರತಿ ಕೆಲಸದ ಎರಡು ಪ್ರತಿಗಳನ್ನಿಡುವುದು ಒಳ್ಳೆಯ ಪದ್ಧತಿ: ತಂತ್ರಾಂಶದ ಸ್ವಂತ ರೂಪದಲ್ಲಿ ತಿದ್ದಬಹುದಾದ ಒಂದು, ಎಲ್ಲ ಅಕ್ಷರಗಳನ್ನು ಕರ್ವ್ ಮಾಡಿದ ಪಿಡಿಎಫ್ ರೂಪದಲ್ಲಿ ಇನ್ನೊಂದು. ಎರಡನೆಯದನ್ನು ಯಾವ ವೆಕ್ಟರ್ ತಂತ್ರಾಂಶ ಬೇಕಾದರೂ ತೆರೆಯುತ್ತದೆ.

ಪ್ರಾಯೋಗಿಕ ಅವಧಿಯನ್ನು ಬಳಸುವ ಬಗೆ

ಹಣ ಕೇಳುವ ಬಹುತೇಕ ತಂತ್ರಾಂಶಗಳು ಕೆಲವು ದಿನಗಳ ಉಚಿತ ಬಳಕೆಗೆ ಅವಕಾಶ ಕೊಡುತ್ತವೆ. ಆ ದಿನಗಳಲ್ಲಿ ಮೆನುಗಳನ್ನು ತಿರುವಿ ನೋಡುವುದಕ್ಕಿಂತ, ಈಗಾಗಲೇ ಮಾಡಿ ಮುಗಿಸಿದ ಒಂದು ನಿಜವಾದ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಮತ್ತೆ ಮಾಡಿ ನೋಡುವುದು ಹೆಚ್ಚು ತಿಳಿಸಿಕೊಡುತ್ತದೆ. ಮಸುಕಾದ ಲೋಗೊ, ಒತ್ತಕ್ಷರಗಳ ಹೆಸರು, ಎರಡು ಬಣ್ಣದ ವಿನೈಲ್, ಸುತ್ತ ಕತ್ತರಿಸುವ ಗೆರೆ ಇವೆಲ್ಲ ಇರುವ ಕೆಲಸವಾದರೆ ಒಂದರಲ್ಲೇ ಎಲ್ಲವೂ ಪರೀಕ್ಷೆಗೆ ಬರುತ್ತದೆ. ತಯಾರಾದ ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಏನು ಉಳಿಯಿತು, ಏನು ಕೆಟ್ಟಿತು ಎಂದು ನೋಡಬೇಕು.

ಜೊತೆಗೆ 500 ಮಿಲಿಮೀಟರಿನ ಒಂದು ಚೌಕವನ್ನು ಕತ್ತರಿಸಿ ಉಕ್ಕಿನ ಅಳತೆಪಟ್ಟಿಯಿಂದ ಅಳೆಯುವುದು ಒಳ್ಳೆಯದು. ಒಂದು ದಿಕ್ಕಿನಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ದೋಷ ಬಹುಪಾಲು ಯಂತ್ರದ ಅಳತೆ ಹೊಂದಾಣಿಕೆಯಲ್ಲಿರುತ್ತದೆ; ಅದನ್ನು ಪ್ಲಾಟರಿನಲ್ಲೇ ಸರಿಪಡಿಸಬೇಕು. ಎರಡೂ ದಿಕ್ಕುಗಳಲ್ಲಿ ಒಂದೇ ಅನುಪಾತದಲ್ಲಿ ಚೌಕ ಚಿಕ್ಕದೋ ದೊಡ್ಡದೋ ಆಗಿ ಬಂದರೆ, ಕಡತವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟಿಸುವಾಗ ಅಳತೆಯ ಮಾನ ಬದಲಾಗಿರುವ ಸಾಧ್ಯತೆ ಹೆಚ್ಚು. ಕಡತ ಉಳಿಸುವ ಮತ್ತು ತೆರೆಯುವ ಎರಡೂ ಕಡೆ ಮಿಲಿಮೀಟರ್ ಎಂದೇ ಆಯ್ಕೆಯಾಗಿದೆಯೇ ಎಂದು ನೋಡಿ, ಅದೇ ಚೌಕವನ್ನು ಮತ್ತೊಮ್ಮೆ ಕತ್ತರಿಸಬೇಕು.